ಟರ್ಮಿನಲ್‌ನಲ್ಲಿ ವಿಮ್: ಪರದೆಯ ಬಲತುದಿಯಲ್ಲಿ ಕ್ಲಿಕ್ ಕೆಲಸ ಮಾಡುತ್ತಿಲ್ಲ, ಮೆನು ತರುವುದು ಹೇಗೆ?

ಕಪ್ಪುಪರದೆ:
ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಮೂಲಕ ಸರ್ವರ್‌ಗೆ ಹೋಗಿ, ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಂ) ಒಳಗೆ ವಿಮ್ 8 (ಪಠ್ಯ ಸಂಪಾದಕ) ಬಳಕೆ. ವಿಂಡೋ ಅಗಲ 240 ಕಾಲಮ್. ವಿಮ್‌ಆರ್‌ಸಿಯಲ್ಲಿ (ವಿಮ್‌ನ ಸೆಟ್ಟಿಂಗ್ ಫೈಲ್) "ಸೆಟ್ ಮೌಸ್=ಎ" ಇದೆ. ಮೂರು ತೊಂದರೆ:
ಎಡಭಾಗದಲ್ಲಿ ಕ್ಲಿಕ್ ಮಾಡಿದರೆ ಕರ್ಸರ್ ಸರಿಯಾಗಿ ಹೋಗುತ್ತದೆ, ಬಲತುದಿಯಲ್ಲಿ ಏನೂ ಆಗುವುದಿಲ್ಲ. ಸ್ಪ್ಲಿಟ್‌ಗಳ (ಪರದೆಯನ್ನು ಭಾಗ ಮಾಡಿದ ಕಿಟಕಿಗಳ) ನಡುವಿನ ಗೆರೆಯನ್ನು ಎಳೆದರೆ ಅಲುಗುವುದಿಲ್ಲ. ಮೌಸ್‌ನಿಂದ ಆಯ್ಕೆ ಮಾಡಿದ ಸಾಲು ಬ್ರೌಸರ್‌ನಲ್ಲಿ ಪೇಸ್ಟ್ ಆಗುವುದಿಲ್ಲ.
ಜೊತೆಗೆ, ಜಿವಿಮ್‌ನಲ್ಲಿ (ಸ್ವಂತ ವಿಂಡೋದಲ್ಲಿ ತೆರೆಯುವ ವಿಮ್) ಇರುವ ಮೆನು ಇಲ್ಲಿಯೂ ಸಿಗುತ್ತದೆಯೇ?

ಬಫರ್‌ಬಾವಿ:
ಮೊದಲ ಎರಡಕ್ಕೂ ಕಾರಣ ಒಂದೇ ಇರಬೇಕು. ":ಸೆಟ್ ಟಿಟಿವೈಮೌಸ್?" ಕೊಟ್ಟು ನೋಡಿ, ಟರ್ಮಿನಲ್ ಮೌಸ್ ಸುದ್ದಿಯನ್ನು ಯಾವ ಪದ್ಧತಿಯಲ್ಲಿ ಕಳಿಸಬೇಕೆಂಬ ಆಯ್ಕೆ ಅದು. (ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರ.) "ಎಕ್ಸ್‌ಟರ್ಮ್" ಎಂದು ಬಂದರೆ ಅದೇ ಕಳ್ಳ.

ಹಳೆಯ ಎಕ್ಸ್‌ಟರ್ಮ್ ಪದ್ಧತಿಯಲ್ಲಿ ಕ್ಲಿಕ್ ಆದ ಕಾಲಮ್ ಸಂಖ್ಯೆಗೆ 32 ಕೂಡಿಸಿ ಒಂದೇ ಬೈಟ್‌ನಲ್ಲಿ ಕಳಿಸುತ್ತಾರೆ. ಬೈಟ್‌ನ ಗರಿಷ್ಠ ಬೆಲೆ 255, ಅಂದರೆ 223ನೇ ಕಾಲಮ್‌ನ ಆಚೆಗೆ ಹೇಳಲು ಜಾಗವೇ ಇಲ್ಲ. ನಿಮ್ಮ 240ರಲ್ಲಿ ಕೊನೆಯ 17 ಕಾಲಮ್ ಸತ್ತಂತೆ. ಅಲ್ಲದೆ ಈ ಪದ್ಧತಿ ಗುಂಡಿ ಒತ್ತಿದ್ದನ್ನೂ ಬಿಟ್ಟಿದ್ದನ್ನೂ ಮಾತ್ರ ತಿಳಿಸುತ್ತದೆ, ನಡುವೆ ಎಳೆದದ್ದನ್ನಲ್ಲ. ಹಾಗಾಗಿ ಗೆರೆ ಅಲುಗುವುದಿಲ್ಲ.

ಟಿಮಕ್ಸ್ ಒಳಗೆ ಟರ್ಮ್ (ಟರ್ಮಿನಲ್ ಬಗೆಯ) ಹೆಸರು "ಸ್ಕ್ರೀನ್" ಎಂದು ಶುರುವಾದರೆ ವಿಮ್ ಈ ಹಳೆಯದನ್ನೇ ಹಿಡಿದುಕೊಳ್ಳುತ್ತದೆ. ವಿಮ್‌ಆರ್‌ಸಿಗೆ ಸೇರಿಸಿ:

ಸೆಟ್ ಮೌಸ್=ಎ
ಸೆಟ್ ಟಿಟಿವೈಮೌಸ್=ಎಸ್‌ಜಿಆರ್

ಎಸ್‌ಜಿಆರ್ ಎಂಬ ಹೊಸ ಪದ್ಧತಿಯಲ್ಲಿ ಸಂಖ್ಯೆಗಳು ಸಾದಾ ಅಂಕಿಗಳಾಗಿ ಬರುವುದರಿಂದ ಮಿತಿಯ ತಕರಾರಿಲ್ಲ. ಅದೇ ಫೈಲನ್ನು ನಿಯೋವಿಮ್ (ವಿಮ್‌ನಿಂದ ಕವಲೊಡೆದ ಸಂಪಾದಕ) ಕೂಡ ಓದುತ್ತಿದ್ದರೆ ಎರಡನೇ ಸಾಲನ್ನು "ಇಫ್ !ಹ್ಯಾಸ್('ಎನ್‌ವಿಮ್')" ಒಳಗೆ ಇಡಿ, ಅಲ್ಲಿ ಆ ಆಯ್ಕೆಯೇ ಇಲ್ಲ, ಎರರ್ ಬರುತ್ತದೆ.

ಸಾಲುಸಂಖ್ಯೆ:
ಪೇಸ್ಟ್ ವಿಷಯ. ಮೌಸ್ ಒಂದು, ಕೇಳುವವರು ಇಬ್ಬರು: ಟರ್ಮಿನಲ್ ಮತ್ತು ವಿಮ್. "ಮೌಸ್=ಎ" ಅಂದರೆ ಎಲ್ಲವೂ ವಿಮ್‌ಗೆ. ನೀವು ಎಳೆದಾಗ ಆಗುವುದು ವಿಮ್‌ನ ವಿಶುವಲ್ ಆಯ್ಕೆ, ಅದು ಸರ್ವರ್‌ನಲ್ಲೇ ಉಳಿಯುತ್ತದೆ. ನಿಮ್ಮ ಯಂತ್ರದ ಕ್ಲಿಪ್‌ಬೋರ್ಡ್‌ಗೆ ಅದರ ಸುಳಿವೇ ಇಲ್ಲ.

ಶಿಫ್ಟ್ ಒತ್ತಿಕೊಂಡು ಎಳೆಯಿರಿ, ಆಗ ಟರ್ಮಿನಲ್ಲೇ ಆಯ್ಕೆ ಮಾಡುತ್ತದೆ. ಮ್ಯಾಕ್‌ನ ಐಟರ್ಮ್2 ಟರ್ಮಿನಲ್‌ನಲ್ಲಿ ಶಿಫ್ಟ್ ಬದಲು ಆಪ್ಷನ್ ಕೀ. ಆದರೆ ಟರ್ಮಿನಲ್‌ಗೆ ಸ್ಪ್ಲಿಟ್ ಅಂದರೇನೆಂದು ಗೊತ್ತಿಲ್ಲ: ಪಕ್ಕದ ಕಿಟಕಿಯ ಅಕ್ಷರಗಳೂ ಸಾಲುಸಂಖ್ಯೆಗಳೂ ಒಟ್ಟಿಗೆ ಬರುತ್ತವೆ. ಮೊದಲು ":ಓನ್ಲಿ", ಆಮೇಲೆ ":ಸೆಟ್ ನೋನಂಬರ್" ಕೊಟ್ಟು ಎಳೆದರೆ ಶುದ್ಧವಾಗಿ ಸಿಗುತ್ತದೆ.

ಶಿಫ್ಟ್‌ಗೆ ಬಗ್ಗದ ಟರ್ಮಿನಲ್ ಆದರೆ "ಮೌಸ್=ಎನ್‌ವಿಐ" ಇಡಿ. ಕೊಲನ್ ಒತ್ತಿ ಕಮಾಂಡ್ ಸಾಲಿಗೆ ಹೋದ ಕೂಡಲೇ ಮೌಸ್ ಟರ್ಮಿನಲ್‌ಗೆ ಮರಳುತ್ತದೆ. ಆಯ್ಕೆ ಮುಗಿಸಿ ಎಸ್ಕೇಪ್ ಒತ್ತಿದರಾಯಿತು. ಸದಾ ಎನ್‌ವಿಐ ಇಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಫರ್‌ಬಾವಿ:
ಇನ್ನೊಂದು: ವಿಮ್ ಅಥವಾ ಎಸ್‌ಎಸ್‌ಎಚ್ ಅರ್ಧಕ್ಕೇ ಸತ್ತರೆ, ಆಮೇಲೆ ಮೌಸ್ ಕ್ಲಿಕ್ ಮಾಡಿದಾಗಲೆಲ್ಲ ಪ್ರಾಂಪ್ಟ್‌ನಲ್ಲಿ ಚಿತ್ರವಿಚಿತ್ರ ಅಕ್ಷರ ಸುರಿಯುತ್ತವೆ. ಮೌಸ್ ವರದಿಯನ್ನು ನಿಲ್ಲಿಸು ಎಂದು ಟರ್ಮಿನಲ್‌ಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. "ರೀಸೆಟ್" ಎಂದು ಟೈಪಿಸಿ ಎಂಟರ್ ಒತ್ತಿ.

ಮೆನುಮನೆ:
ಮೆನು ಸಿಗುತ್ತದೆ, ಆದರೆ ಮೇಲಿನ ಪಟ್ಟಿಯಾಗಿ ಅಲ್ಲ, ಕೆಳಗಿನ ಸಾಲಿನಲ್ಲಿ. ವಿಮ್‌ಆರ್‌ಸಿಯಲ್ಲಿ:

ಸೋರ್ಸ್ $ವಿಮ್‌ರನ್‌ಟೈಮ್/ಮೆನು.ವಿಮ್
ಸೆಟ್ ವೈಲ್ಡ್‌ಮೆನು
ಸೆಟ್ ಡಬ್ಲ್ಯುಸಿಎಂ=<ಸಿ-ಝಡ್>
ಮ್ಯಾಪ್ <ಎಫ್4> :ಇಮೆನು <ಸಿ-ಝಡ್>

ಎಫ್4 ಒತ್ತಿದರೆ ಫೈಲ್, ಎಡಿಟ್ ಇತ್ಯಾದಿ ಸಾಲಾಗಿ ಬರುತ್ತವೆ. ಎಡ-ಬಲ ಬಾಣದಿಂದ ಓಡಾಟ, ಕೆಳಬಾಣದಿಂದ ಒಳಮೆನು, ಎಂಟರ್‌ನಿಂದ ಆಯ್ಕೆ. ಮೂರನೇ ಸಾಲನ್ನು ಬಿಟ್ಟು ನೇರವಾಗಿ ಟ್ಯಾಬ್ ಹಾಕಿದರೆ ನಡೆಯುವುದಿಲ್ಲ: ಮ್ಯಾಪ್ ಒಳಗಿನ ಟ್ಯಾಬನ್ನು ವಿಮ್ ಬರೀ ಅಕ್ಷರವಾಗಿ ನೋಡುತ್ತದೆ. "ಇಮೆನು" ನಂತರದ ಖಾಲಿ ಜಾಗ ಮರೆಯಬೇಡಿ.

ಕ್ಲಿಕ್ ಮಾಡಿದರೆ ಕೆಳಗಿಳಿಯುವ ನಿಜವಾದ ಮೆನುವೇ ಬೇಕಿದ್ದರೆ ಇನ್ನೊಂದು ಸಂಪಾದಕ ಈಮ್ಯಾಕ್ಸ್ ಮುಂದಿದೆ. "ಈಮ್ಯಾಕ್ಸ್ -ಎನ್‌ಡಬ್ಲ್ಯು" ಎಂದು ತೆರೆದು ಎಂ-ಎಕ್ಸ್ (ಎಂ ಅಂದರೆ ಆಲ್ಟ್ ಕೀ), "ಎಕ್ಸ್‌ಟರ್ಮ್-ಮೌಸ್-ಮೋಡ್". ಕೀಲಿಮಣೆಯಿಂದಾದರೆ ಎಫ್10. ಸರಳ ಸಂಪಾದಕ ನ್ಯಾನೋ ಸಾಕೆನ್ನುವವರಿಗೆ "ನ್ಯಾನೋ -ಎಂ": ಕ್ಲಿಕ್‌ಗೆ ಕರ್ಸರ್ ಹೋಗುತ್ತದೆ, ಕೆಳಗಿನ ಶಾರ್ಟ್‌ಕಟ್ ಪಟ್ಟಿಯ ಮೇಲೂ ಕ್ಲಿಕ್ ಮಾಡಬಹುದು.

ಕಪ್ಪುಪರದೆ:
ಎಸ್‌ಜಿಆರ್ ಹಾಕಿದ ಮೇಲೆ ಬಲತುದಿ, ಗೆರೆ ಎರಡೂ ಸರಿ. ಎಫ್4 ಮೆನುವೂ ಬಂತು. ಈಮ್ಯಾಕ್ಸ್‌ನಲ್ಲಿ ಎಫ್10 ಒತ್ತಿದರೆ ಮಾತ್ರ ಗ್ನೋಮ್ ಟರ್ಮಿನಲ್‌ನ ಸ್ವಂತ ಮೆನು ತೆರೆಯುತ್ತಿದೆ.

ಮೆನುಮನೆ:
ಆ ಕೀ ಈಮ್ಯಾಕ್ಸ್‌ವರೆಗೆ ತಲುಪುತ್ತಲೇ ಇಲ್ಲ. ಟರ್ಮಿನಲ್‌ನ ಪ್ರಿಫರೆನ್ಸಸ್, ಜನರಲ್ ವಿಭಾಗದಲ್ಲಿ ಎಫ್10 ಮೆನು ಕೀಗೆ ಇರುವ ಟಿಕ್ ತೆಗೆಯಿರಿ. ಅದನ್ನು ಮುಟ್ಟಬಾರದೆಂದಿದ್ದರೆ ಎಂ-` ಇದೆ, ಅಕ್ಷರ ಒತ್ತಿ ಆರಿಸುವ ಪಠ್ಯಮೆನು. ಗ್ನೋಮ್ ಡೆಸ್ಕ್‌ಟಾಪ್ ಆಲ್ಟ್-` ಅನ್ನೂ ವಿಂಡೋ ಬದಲಿಸಲು ಕಸಿದುಕೊಳ್ಳುತ್ತದೆ, ಹಾಗಾಗಿ ಮೊದಲು ಎಸ್ಕೇಪ್ ಒತ್ತಿ ಬಿಟ್ಟು, ಆಮೇಲೆ ` ಒತ್ತಿ.