ರಾತ್ರಿಯೆಲ್ಲ ಬೋರಲು ಬೀಳುವ ಮಗು: ತಾಯಂದಿರ ಪ್ರಶ್ನೆ, ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ (ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ):

ನಮಸ್ಕಾರ ಮೇಡಂ. ನನ್ನ ಮಗನಿಗೆ ನಾಲ್ಕು ತಿಂಗಳು ಹತ್ತು ದಿನ. ಮೊದಲನೇ ಮಗು. ಬಾಣಂತನಕ್ಕೆ ಬಂದವಳು ಇನ್ನೂ ತವರಿನಲ್ಲೇ ಇದ್ದೇನೆ. ಹೋದ ವಾರ ಅವನು ಬೋರಲು ಬೀಳಲು ಕಲಿತ. ಅವತ್ತು ಅಮ್ಮ ಹೋಳಿಗೆ ಮಾಡಿದರು, ಮನೆಯವರಿಗೆಲ್ಲ ಖುಷಿ. ಆದರೆ ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅಂಗಾತ ಮಲಗಿಸುತ್ತೇನೆ, ನಿದ್ದೆಯಲ್ಲೇ ಬೋರಲಾಗುತ್ತಾನೆ. ವಾಪಸ್ ಹೊರಳಲು ಇನ್ನೂ ಬರುವುದಿಲ್ಲ. ನಾನು ತಿರುಗಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ. ಉಸಿರಾಡುತ್ತಿದ್ದಾನಾ ಅಂತ ಮೊಬೈಲ್ ಟಾರ್ಚ್ ಹಾಕಿ ಹೊಟ್ಟೆ ನೋಡುತ್ತಾ ಕೂರುತ್ತೇನೆ. ಸೀರೆ ಜೋಲಿಗೆ ಹಾಕು, ಅಲ್ಲಿ ಹೊರಳಲು ಜಾಗ ಇರಲ್ಲ ಅಂತಾರೆ ಅಮ್ಮ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತು ಅಂತಾರೆ ಪಕ್ಕದ ಮನೆಯವರು. ಎರಡೂ ಕಡೆ ದಿಂಬು ಒತ್ತರಿಸಿಯೂ ನೋಡಿದೆ. ಏನು ಮಾಡಲಿ?

ಉತ್ತರ (ಮಕ್ಕಳ ವೈದ್ಯೆ, ದಾವಣಗೆರೆ):

ಮೊದಲು ಆ ದಿಂಬುಗಳನ್ನು ಈಗಲೇ ತೆಗೆದುಬಿಡಿ ತಾಯಿ. ಉಳಿದದ್ದನ್ನು ಆಮೇಲೆ ಓದಿ.

ತೆಗೆದಿರಾ? ಈಗ ಹೇಳುತ್ತೇನೆ. ಮಲಗಿಸುವಾಗ ಪ್ರತಿ ಸಲವೂ ಅಂಗಾತವೇ ಮಲಗಿಸಿ. ಹಗಲಾಗಲಿ ರಾತ್ರಿಯಾಗಲಿ, ಅರ್ಧ ಗಂಟೆಯ ನಿದ್ದೆಯೇ ಆಗಲಿ. ವರ್ಷ ತುಂಬುವವರೆಗೂ ಹೀಗೇ. ಮಗ್ಗುಲಾಗಿ ಮಲಗಿಸಬೇಡಿ, ಅಲ್ಲಿಂದ ಬೋರಲಾಗಲು ಒಂದೇ ಹೊರಳು ಸಾಕು. ಇಷ್ಟು ನಿಮ್ಮ ಕೈಯಲ್ಲಿದೆ. ನಿದ್ದೆಯಲ್ಲಿ ಅವನೇ ಹೊರಳುವುದು ನಿಮ್ಮ ಕೈಯಲ್ಲಿಲ್ಲ, ಅದನ್ನು ತಡೆಯಲೂ ಬಾರದು. ಅವನಿಗೆ ಇನ್ನೂ ಒಂದೇ ಕಡೆ ಹೊರಳಲು ಬರುತ್ತದೆ ಅಂದಿರಿ. ಹಾಗಾಗಿ ನಿಮಗೆ ಎಚ್ಚರವಾದಾಗ ಬೋರಲಾಗಿದ್ದು ಕಂಡರೆ ಮೆಲ್ಲಗೆ ಅಂಗಾತ ತಿರುಗಿಸಿ. ಅದಕ್ಕಾಗಿ ರಾತ್ರಿಯಿಡೀ ಕಾವಲು ಕೂರಬೇಡಿ. ಎರಡೂ ಕಡೆ ತಾನೇ ಹೊರಳಲು ಕಲಿತ ಮೇಲೆ ತಿರುಗಿಸುವ ಕೆಲಸವೂ ಇಲ್ಲ. ಯಾವ ಭಂಗಿಯಲ್ಲಿ ಮಲಗುತ್ತಾನೋ ಮಲಗಲಿ.

ಹಾಗಾದರೆ ಮಗುವನ್ನು ಕಾಯುವುದು ಯಾರು ಅನ್ನುತ್ತೀರಾ? ಹಾಸಿಗೆ ಕಾಯುತ್ತದೆ. ಬೋರಲು ಬಿದ್ದ ಮಗುವಿನ ಮೂಗು, ಬಾಯಿ ಮೆತ್ತನೆಯ ಬಟ್ಟೆಗೆ ಒತ್ತಿಕೊಂಡರೆ ಅದು ಬಿಟ್ಟ ಉಸಿರು ಅಲ್ಲೇ ಮುಖದ ಸುತ್ತ ನಿಲ್ಲುತ್ತದೆ. ಅದನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ದೊಡ್ಡವರಿಗಾದರೆ ತಕ್ಷಣ ಎಚ್ಚರವಾಗುತ್ತದೆ. ಇಷ್ಟು ಸಣ್ಣ ಮಗುವಿಗೆ ಹಾಗೆ ಎಚ್ಚರವಾಗುತ್ತದೆ ಅನ್ನುವ ಭರವಸೆ ಇಲ್ಲ. ಅದರಲ್ಲೂ ಬೋರಲು ಮಲಗಿದ ಮಗುವಿನ ನಿದ್ದೆ ಇನ್ನೂ ಗಾಢ. ಹಾಸಿಗೆ ಗಟ್ಟಿಯಾಗಿ, ಸಮವಾಗಿ, ಖಾಲಿಯಾಗಿ ಇದ್ದರೆ ಮಗು ತಲೆ ಪಕ್ಕಕ್ಕೆ ಹಾಕಿಕೊಂಡು ಉಸಿರಾಡುತ್ತದೆ. ಪಕ್ಕದಲ್ಲಿ ದಿಂಬಿದ್ದರೆ ಅದು ಹೊರಳುವುದು ದಿಂಬಿನ ಮೇಲಕ್ಕೇ.

ನಮ್ಮದು ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಎಲ್ಲರ ಮನೆಯಲ್ಲೂ ಹತ್ತಿ ಗಾದಿ ಇರುತ್ತದೆ. ಹೊಸದಾಗಿ ಹೊಲಿಸಿದ ತೆಳು ಗಾದಿ ಗಟ್ಟಿಯಾಗಿದ್ದರೆ ಒಳ್ಳೆಯದೇ. ವರ್ಷಗಟ್ಟಲೆ ಮಲಗಿ ನಡುವೆ ಗುಂಡಿ ಬಿದ್ದ ಗಾದಿ ಬೇಡ. ಅಂಗೈ ಒತ್ತಿ ತೆಗೆಯಿರಿ, ಗುರುತು ಹಾಗೇ ಉಳಿದರೆ ಅದು ಮಗುವಿಗೆ ಮೆತ್ತಗಾಯಿತು. ಮೇಲೊಂದು ಹತ್ತಿ ಬಟ್ಟೆ ಬಿಗಿಯಾಗಿ ಹಾಸಿ, ಅಂಚನ್ನು ಗಾದಿಯ ಅಡಿಗೆ ಸಿಕ್ಕಿಸಿ. ದಿಂಬು, ಕೌದಿ, ಗೊಂಬೆ, ದುಪಟಿ ಯಾವುದೂ ಬೇಡ. ಚಳ್ಳಕೆರೆ ಕಂಬಳಿ ನನಗೂ ಇಷ್ಟ, ಆದರೆ ಅದು ನಿಮಗಿರಲಿ. ಮಗುವಿನ ಅಡಿಗೂ ಬೇಡ, ಮೇಲೂ ಬೇಡ. ಚಳಿ ಇದ್ದರೆ ತುಂಬು ತೋಳಿನ ಅಂಗಿಯನ್ನೇ ಇನ್ನೊಂದು ಹಾಕಿ.

ಪಕ್ಕದ ಮನೆಯವರು ಹೇಳಿದ ಹಾಗೆ ಬಟ್ಟೆ ಸುತ್ತುವುದೂ ಬೇಡ. ಹುಟ್ಟಿದ ಮಗುವಿಗೆ ಸುತ್ತುವುದು ಬೇರೆ. ಹೊರಳುವ ಪ್ರಯತ್ನ ಕಂಡ ದಿನವೇ ಅದು ಮುಗಿಯಬೇಕು. ಕೈ ಕಟ್ಟಿದ ಮಗು ಬೋರಲು ಬಿದ್ದರೆ ಕೈ ಊರಿ ತಲೆ ಎತ್ತುವುದು ಹೇಗೆ ಹೇಳಿ?

ಅದೇ ತಾಯಿ: ಜೋಲಿ ಬಗ್ಗೆ ಹೇಳಲಿಲ್ಲ ಮೇಡಂ. ನಾವೆಲ್ಲ ಅದರಲ್ಲೇ ಬೆಳೆದವರು ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ನಾನೂ ಜೋಲಿಯಲ್ಲೇ ಬೆಳೆದವಳು. ನನ್ನ ಮಗಳನ್ನೂ ಅದರಲ್ಲೇ ಹಾಕಿದ್ದೆ. ಅವಳಿಗೆ ಐದು ತಿಂಗಳು ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಜೋಲಿ ಅಲುಗಾಡುತ್ತಿಲ್ಲ ಅಂತ ನನ್ನ ಅಮ್ಮ ಸೀರೆ ಬಿಡಿಸಿ ನೋಡಿದರು. ಮಗಳು ಬೋರಲಾಗಿದ್ದಳು, ಮುಖ ಪೂರ್ತಿ ಸೀರೆಗೆ ಒತ್ತಿಕೊಂಡಿತ್ತು, ತುಟಿ ಕಪ್ಪಿಟ್ಟಿತ್ತು. ಎತ್ತಿದ ತಕ್ಷಣ ಅತ್ತಳು, ಏನೂ ಆಗಲಿಲ್ಲ. ನಾನು ಆಗಲೇ ಮಕ್ಕಳ ವೈದ್ಯೆ. ಓದಿದ್ದೆಲ್ಲ ಗೊತ್ತಿದ್ದೂ ನನ್ನ ಮನೆಯಲ್ಲೇ ಹಾಗಾಯಿತು. ಅವತ್ತು ಬಿಚ್ಚಿದ ಜೋಲಿಯನ್ನು ಮತ್ತೆ ಕಟ್ಟಲಿಲ್ಲ.

ಜೋಲಿಯಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಎಳೆ ಮಗುವಿನ ಉಸಿರಿನ ಕೊಳವೆ ಮೆತ್ತಗಿರುತ್ತದೆ, ಕುತ್ತಿಗೆ ಬಾಗಿದರೆ ಕಿರಿದಾಗುತ್ತದೆ. ಹೊರಳಿದರೆ ಮುಖ ಬಟ್ಟೆಗೇ ಸಿಗುತ್ತದೆ, ವಾಪಸ್ ತಿರುಗಲು ಊರಿಕೊಳ್ಳುವ ಗಟ್ಟಿ ಜಾಗ ಇಲ್ಲ. ಹೊರಳಲು ಜಾಗ ಇರಲ್ಲ ಅನ್ನುವ ನಿಮ್ಮ ಅಮ್ಮನ ಮಾತಿನಲ್ಲೇ ಅಪಾಯವೂ ಇದೆ. ಸ್ಪ್ರಿಂಗ್ ಜೋಲಿಗೂ ಇದೇ ಮಾತು. ತಲೆ ಕಡೆ ಎತ್ತರವಾಗಿ ವಾಲಿದ ಬೇಬಿ ಚೇರಿನಲ್ಲೂ ನಿದ್ದೆ ಮಾಡಿಸಬಾರದು. ಅಂಥ ವಾಲಿದ ಹಾಸಿಗೆಗಳಲ್ಲಿ ಮಕ್ಕಳು ತೀರಿಕೊಂಡ ಮೇಲೆ ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ಅವುಗಳ ಮಾರಾಟ ನಿಷೇಧಿಸಿದರು. ಹಾಸಿಗೆಯ ಸುತ್ತ ಕಟ್ಟುವ ಮೆತ್ತೆಗಳನ್ನೂ ಅದರಲ್ಲೇ ನಿಷೇಧಿಸಿದರು.

ಜೋಲಿ ಬಿಟ್ಟರೆ ನಾಲ್ಕೈದು ದಿನ ಅಳುತ್ತಾನೆ, ಅದು ನಿಜ. ಮೊದಲು ಹಗಲಿನ ಒಂದು ನಿದ್ದೆಯನ್ನು ಗಾದಿಯ ಮೇಲೆ ರೂಢಿ ಮಾಡಿ. ಎದೆಯ ಮೇಲೆ ಕೈ ಇಟ್ಟು ಜೋಗುಳ ಹಾಡಿ. ಅಜ್ಜಿಯೇ ಹಾಡಲಿ, ಅವರ ದನಿ ಅವನಿಗೆ ಗೊತ್ತು.

ಪ್ರಶ್ನೆ (ಒಬ್ಬ ಅಜ್ಜಿ, ಹೊಳಲ್ಕೆರೆ):

ಡಾಕ್ಟ್ರಮ್ಮಾ, ನಾನು ಆರು ಮೊಮ್ಮಕ್ಕಳನ್ನು ಸಾಕಿದ್ದೀನಿ. ಅಂಗಾತ ಮಲಗಿಸಿದರೆ ಹಾಲು ನೆತ್ತಿಗೇರಲ್ವಾ? ನಮ್ಮ ಕೂಸು ಹಾಲು ಕುಡಿದ ಮೇಲೆ ಮೊಸರು ಕಕ್ಕುತ್ತೆ. ಅದಕ್ಕೇ ಬೋರಲು ಮಲಗಿಸಿ ಬೆನ್ನು ಸವರ್ತೀವಿ.

ಉತ್ತರ: ಅಮ್ಮಾ, ನಿಮ್ಮ ಅನುಭವದ ಮುಂದೆ ನಾನು ಚಿಕ್ಕವಳು. ಈ ಭಯ ಎಲ್ಲ ಅಜ್ಜಿಯರಿಗೂ ಇದೆ, ಕೇಳಿದ್ದು ಒಳ್ಳೆಯದಾಯಿತು. ಗಂಟಲಿನಲ್ಲಿ ಎರಡು ಕೊಳವೆ ಇವೆ. ಮುಂದಿನದು ಉಸಿರಿಗೆ, ಹಿಂದಿನದು ಅನ್ನಕ್ಕೆ. ಮಗು ಅಂಗಾತ ಇದ್ದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನದ ಕೊಳವೆ ಕೆಳಗಿರುತ್ತದೆ. ಹಾಲು ಮೇಲೆ ಬಂದರೂ ಕೆಳಗಿನ ಕೊಳವೆಗೇ ಇಳಿಯುತ್ತದೆ. ಬೋರಲು ಹಾಕಿದಾಗ ಉಸಿರಿನ ಕೊಳವೆ ಕೆಳಗಾಗುತ್ತದೆ, ಕಕ್ಕಿದ್ದು ಅಲ್ಲಿಗೆ ಜಾರುವುದು ಸುಲಭ. ಜೊತೆಗೆ ಆರೋಗ್ಯವಾಗಿರುವ ಮಗು ತಾನೇ ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಹಾಕುತ್ತದೆ.

ಒಂದು ಕಾಲದಲ್ಲಿ ನಮ್ಮ ವೈದ್ಯರೇ ಎಷ್ಟೋ ದೇಶಗಳಲ್ಲಿ ಬೋರಲು ಮಲಗಿಸಿ ಅನ್ನುತ್ತಿದ್ದರು. ಅದು ತಪ್ಪು ಅಂತ ಗೊತ್ತಾದಾಗ ತಿದ್ದಿಕೊಂಡರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಅಂದಿತು. 1994ರಲ್ಲಿ ಅಂಗಾತ ಮಲಗಿಸಿ ಅಂತ ದೇಶದ ತುಂಬಾ ಪ್ರಚಾರ ಶುರುವಾಯಿತು. ಕಾರಣವೇ ಗೊತ್ತಾಗದೆ ನಿದ್ದೆಯಲ್ಲಿ ಮಕ್ಕಳು ತೀರಿಕೊಳ್ಳುವುದು ಅಲ್ಲಿ ಹತ್ತು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಯಿತು. ಔಷಧವಿಲ್ಲ, ಯಂತ್ರವಿಲ್ಲ, ಮಲಗಿಸುವ ರೀತಿ ಬದಲಾಯಿತು ಅಷ್ಟೇ. ಈ ಸಾವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಆರು ತಿಂಗಳೊಳಗೇ ಆಗುತ್ತವೆ. ನಿಮ್ಮ ಕೂಸಿನ ವಯಸ್ಸು ಅದೇ ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ, ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿರಿ, ಆಮೇಲೆ ಅಂಗಾತ ಮಲಗಿಸಿ. ಬೆನ್ನು ಸವರುವುದನ್ನು ಬಿಡಬೇಡಿ. ಮಗು ಎಚ್ಚರವಿದ್ದಾಗ ಬೋರಲು ಹಾಕಿ, ನೀವು ಎದುರಿಗೆ ಕೂತು ಆಡಿಸಿ. ಹೀಗೆ ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆಯಾದರೂ ಆಗಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕತ್ತು, ಹೆಗಲು ಗಟ್ಟಿಯಾಗುವುದು ಹೀಗೆಯೇ. ವಾಪಸ್ ಹೊರಳುವುದನ್ನೂ ಬೇಗ ಕಲಿಯುತ್ತದೆ. ಕಕ್ಕಿದ್ದು ಹಸಿರಾಗಿದ್ದರೆ, ರಕ್ತ ಕಂಡರೆ, ಚಿಮ್ಮುವ ಹಾಗೆ ವಾಂತಿಯಾದರೆ, ತೂಕ ಏರದಿದ್ದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಒಬ್ಬ ತಾಯಿ, ಜಗಳೂರು ಕಡೆಯ ಹಳ್ಳಿ):

ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಇಟ್ಟಿದ್ದೇವೆ. ಅದೂ ಬೇಡವಾ?

ಉತ್ತರ: ಬೇಡ. ಸಾಸಿವೆ, ರಾಗಿ ಯಾವ ದಿಂಬೂ ಬೇಡ. ಹೊಲಿಗೆ ಬಿಟ್ಟರೆ ಕಾಳು ಬಾಯಿಗೆ, ಮೂಗಿಗೆ ಹೋಗುತ್ತದೆ. ಒಂದು ದಿನ ತಲೆ ಈ ತುದಿಗೆ, ಮರುದಿನ ಆ ತುದಿಗೆ ಬರುವಂತೆ ಮಲಗಿಸಿ. ಮಗು ಬೆಳಕಿನ ಕಡೆ, ನಿಮ್ಮ ಕಡೆ ಮುಖ ತಿರುಗಿಸುತ್ತದೆ, ತಲೆಯ ಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಎಚ್ಚರವಿದ್ದಾಗ ಬೋರಲು ಆಡಿಸಿದರೆ ಚಪ್ಪಟೆಯಾದದ್ದು ತಾನಾಗಿ ಸರಿಹೋಗುವುದೇ ಹೆಚ್ಚು.

ಹಾಗೇ ಕತ್ತಿನಲ್ಲಿ ಕರಿಮಣಿ, ತಾಯತದ ದಾರ ಇದ್ದರೆ ಮಲಗಿಸುವ ಮುಂಚೆ ತೆಗೆಯಿರಿ. ಹೊರಳುವ ಮಗುವಿಗೆ ಅದು ಸಿಕ್ಕಿಕೊಂಡು ಬಿಗಿಯುತ್ತದೆ. ದೃಷ್ಟಿಗೆ ಅಂಗಾಲಿಗೊಂದು ಕಪ್ಪು ಬೊಟ್ಟು ಇಡಿ.

ಪ್ರಶ್ನೆ (ಒಬ್ಬ ತಂದೆ, ಚಿತ್ರದುರ್ಗ):

ನಮ್ಮದು ಒಂದೇ ರೂಮಿನ ಮನೆ. ಮಂಚದ ಮೇಲೆ ನಮ್ಮಿಬ್ಬರ ನಡುವೆ ಮಗು ಮಲಗುತ್ತದೆ. ಬೀಳದಿರಲಿ ಅಂತ ಮಂಚವನ್ನು ಗೋಡೆಗೆ ಸೇರಿಸಿದ್ದೇವೆ. ಬೇಬಿ ಕಾಟ್ ಕೊಳ್ಳುವ ಶಕ್ತಿ ಈಗ ಇಲ್ಲ. ಉಸಿರು ನಿಂತರೆ ಸದ್ದು ಮಾಡುವ ಸಾಧನ ಬಾಡಿಗೆಗಾದರೂ ತರಲಾ ಅಂತ ಯೋಚಿಸುತ್ತಿದ್ದೇನೆ.

ಉತ್ತರ: ಕಾಟ್ ಬೇಕಾಗಿಲ್ಲ ಸರ್, ಸಾಧನವೂ ಬೇಡ. ಆರೋಗ್ಯವಾಗಿರುವ ಮಗುವಿಗೆ ಅಂಥ ಸಾಧನಗಳಿಂದ ಈ ಅಪಾಯ ಕಡಿಮೆಯಾಗುತ್ತದೆ ಅಂತ ಸಾಬೀತಾಗಿಲ್ಲ. ಆ ದುಡ್ಡಿನಲ್ಲಿ ಒಂದು ತೆಳು ಗಾದಿ ಹೊಲಿಸಿ.

ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಭಯ ಇರುವುದು ಮಂಚಕ್ಕೂ ಗೋಡೆಗೂ ನಡುವಿನ ಸಂದಿನ ಬಗ್ಗೆ. ಎಷ್ಟೇ ಸೇರಿಸಿದರೂ ರಾತ್ರಿ ಮಂಚ ನಾಲ್ಕು ಬೆರಳು ಸರಿಯುತ್ತದೆ. ಹೊರಳುವ ಮಗು ಅಲ್ಲಿ ಸಿಕ್ಕಿಕೊಂಡರೆ ಅಳುವುದಕ್ಕೂ ಆಗುವುದಿಲ್ಲ. ಇಬ್ಬರ ನಡುವೆ ಮಲಗಿಸುವುದೂ ಒಳ್ಳೆಯದಲ್ಲ. ದಣಿದು ಮಲಗಿದವರ ಕೈ, ಹೊದಿಕೆ ಎಲ್ಲಿ ಬಿತ್ತು ಅಂತ ಗೊತ್ತಾಗುವುದಿಲ್ಲ.

ನೆಲಕ್ಕೆ ಇಳಿಯಿರಿ. ಚಾಪೆಯ ಮೇಲೆ ಮಗುವಿಗೆ ಬೇರೆ ತೆಳು ಗಾದಿ, ಅದರಿಂದ ಒಂದು ಕೈ ದೂರದಲ್ಲಿ ತಾಯಿಯ ಹಾಸಿಗೆ. ಗೋಡೆಯಿಂದಲೂ ದೂರವಿರಲಿ. ಒಂದೇ ಕೋಣೆ, ಬೇರೆ ಬೇರೆ ಹಾಸಿಗೆ. ಮಕ್ಕಳ ವೈದ್ಯರು ಹೇಳುವುದೂ ಇದನ್ನೇ, ಕನಿಷ್ಠ ಆರು ತಿಂಗಳು ಹೀಗಿದ್ದರೆ ಒಳ್ಳೆಯದು. ಒಂದು ರೂಮಿನ ಮನೆ ಈ ವಿಷಯದಲ್ಲಿ ಅನುಕೂಲವೇ. ನಿಮ್ಮಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿದ್ದರೆ, ಅಥವಾ ಮಗು ದಿನ ತುಂಬುವ ಮುಂಚೆ ಹುಟ್ಟಿದ್ದರೆ, ಒಂದೇ ಹಾಸಿಗೆಯಲ್ಲಿ ಮಲಗಿಸಲೇಬೇಡಿ. ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ.

ಸೊಳ್ಳೆಗೆ ಕೊಡೆಯ ಹಾಗೆ ಬಿಚ್ಚುವ ಸಣ್ಣ ಪರದೆ ಹೊರಳುವ ಮಗುವಿಗೆ ಸಾಲದು, ಮುಖ ಪರದೆಗೇ ಒತ್ತಿಕೊಳ್ಳುತ್ತದೆ. ತಾಯಿ ಮಗು ಇಬ್ಬರಿಗೂ ಆಗುವ ದೊಡ್ಡ ಪರದೆ ಕಟ್ಟಿ. ಇರುವೆ, ಚೇಳಿನ ಭಯಕ್ಕೂ ಅಂಚನ್ನು ಗಾದಿಯ ಅಡಿಗೆ ಸಿಕ್ಕಿಸಿದರೆ ಆಯಿತು. ಸೊಳ್ಳೆ ಬತ್ತಿಯ ಹೊಗೆ ಬೇಡ.

ಇನ್ನೊಬ್ಬ ತಾಯಿ (ಹಿರಿಯೂರು): ಈ ಬಿಸಿಲಲ್ಲೂ ನಮ್ಮತ್ತೆ ಕುಲಾವಿ ತೆಗೆಯಲು ಬಿಡುವುದಿಲ್ಲ. ಕೈಕಾಲು ತಣ್ಣಗಿದೆ ನೋಡು ಅಂತಾರೆ.

ಉತ್ತರ: ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಅತ್ತೆಯವರ ಕೈಯನ್ನೇ ಮಗುವಿನ ಎದೆಯ ಮೇಲೆ, ಕತ್ತಿನ ಹಿಂದೆ ಇಡಿಸಿ. ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಬಟ್ಟೆ ಜಾಸ್ತಿಯಾಯಿತು. ಮಗುವಿನ ಮೈ ಶಾಖ ತಲೆಯಿಂದಲೇ ತುಂಬಾ ಹೊರಹೋಗುತ್ತದೆ. ಮೈ ಅತಿಯಾಗಿ ಬಿಸಿಯಾಗುವುದೂ ನಿದ್ದೆಯಲ್ಲಿ ಅಪಾಯವೇ. ನಿದ್ದೆಯಲ್ಲಿ ಕುಲಾವಿ ಮುಖದ ಮೇಲೆ ಜಾರುತ್ತದೆ ಕೂಡ. ಮಲಗುವಾಗ ಒಂದು ತೆಳು ಹತ್ತಿ ಅಂಗಿ ಸಾಕು, ಫ್ಯಾನ್ ಹಾಕಿ. ಹೊರಗೆ ಹೋಗುವಾಗ ಕುಲಾವಿ ಹಾಕಲಿ, ಅವರಿಗೂ ಸಮಾಧಾನ.

ಪ್ರಶ್ನೆ (ಹರಿಹರದಿಂದ): ನನ್ನ ಮಗಳಿಗೆ ಆರು ತಿಂಗಳು ತುಂಬಿತು, ಇನ್ನೂ ಹೊರಳುವ ಪ್ರಯತ್ನವೇ ಇಲ್ಲ.

ಉತ್ತರ: ತೋರಿಸಿಬಿಡಿ. ಕೆಲವರು ಮೂರೂವರೆ ತಿಂಗಳಿಗೇ ಹೊರಳುತ್ತಾರೆ, ಹೆಚ್ಚಿನವರು ನಾಲ್ಕರಿಂದ ಆರರೊಳಗೆ. ಆರು ತುಂಬಿದರೂ ಪ್ರಯತ್ನವೇ ಇಲ್ಲ, ಯಾವಾಗಲೂ ಒಂದೇ ಬದಿಯ ಕೈ ಆಡಿಸುತ್ತದೆ, ಮೈ ತೀರಾ ಸಡಿಲ ಅಥವಾ ತೀರಾ ಬಿಗಿ ಅನ್ನಿಸಿದರೆ ಕಾಯಬಾರದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೂ ಇದನ್ನು ಹೇಳಿ. ಬಹಳಷ್ಟು ಸಲ ಏನೂ ಇರುವುದಿಲ್ಲ, ಮಗು ಎತ್ತಿಕೊಂಡವರ ಕೈಯಲ್ಲೇ ಇದ್ದು ನೆಲ ಕಂಡಿರುವುದಿಲ್ಲ, ಅಷ್ಟೇ.

ಮೊದಲ ತಾಯಿ: ಮೇಡಂ, ನಿನ್ನೆ ರಾತ್ರಿ ದಿಂಬು ತೆಗೆದು ಗಾದಿ ಬಿಗಿಯಾಗಿ ಹಾಸಿದೆವು. ಅವನು ಎರಡು ಸಲ ಬೋರಲಾದ. ಒಂದು ಸಲ ನಾನು ತಿರುಗಿಸಿದೆ, ಇನ್ನೊಂದು ಸಲ ನಿದ್ದೆಯಲ್ಲಿದ್ದೆ, ಅಮ್ಮ ತಿರುಗಿಸಿದರಂತೆ. ಜೋಲಿಯ ಸೀರೆ ನನ್ನಜ್ಜಿಯದು, ಅಮ್ಮನಿಗೆ ಬಿಚ್ಚಲು ಮನಸ್ಸಿಲ್ಲ. ಹಗಲು ಎಚ್ಚರವಿದ್ದಾಗ ಸುಮ್ನೆ ಆಡಿಸಲು ಹಾಕಬಹುದಾ?

ಉತ್ತರ: ಹೊರಳಲು ಕಲಿತ ಮಗು ಎಚ್ಚರವಿದ್ದರೂ ಜೋಲಿಯಿಂದ ಆಚೆ ಬೀಳುತ್ತದೆ, ಬೇಡ. ಆ ಸೀರೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ನಡುಮನೆಯ ನೆಲಕ್ಕೆ ಹಾಸಿ. ಮಗ ಎದ್ದಿರುವಾಗ ಅದರ ಮೇಲೆ ಬೋರಲು ಹಾಕಿ, ಅಜ್ಜಿ ಎದುರಿಗೆ ಕೂರಲಿ. ವಾಪಸ್ ಹೊರಳುವುದನ್ನು ಅಲ್ಲೇ ಕಲಿಯಲಿ.