ಪದಚರ್ಚೆ: ‘ಡೆಲಿವರೆಬಲ್’ಗೆ ಕನ್ನಡದಲ್ಲಿ ಏನನ್ನೋಣ? ಸೋಮವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜು ಯುರೋಪಿಯನ್ ಒಕ್ಕೂಟ ಶಿಕ್ಷಣಕ್ಕೆ ಅನುದಾನ (ಗ್ರ್ಯಾಂಟ್) ಕೊಡುವ ಎರಾಸ್ಮಸ್ ಪ್ಲಸ್‌ಗೆ ಅರ್ಜಿ ಹಾಕುತ್ತಿದೆ. ಅದರಲ್ಲಿ ಉನ್ನತ ಶಿಕ್ಷಣದ ಸಾಮರ್ಥ್ಯ ಹೆಚ್ಚಿಸುವ ವಿಭಾಗ ಇದೆಯಲ್ಲ, ಅದಕ್ಕೆ. ಯುರೋಪಿನ ಎರಡು ವಿಶ್ವವಿದ್ಯಾಲಯ, ಈ ಕಡೆಯಿಂದ ಮೂರು ಕಾಲೇಜು. ಎಲ್ಲರೂ ಸೇರಿ ಅಂತರ್ಜಲ ನಿರ್ವಹಣೆಯ ಒಂದು ಸರ್ಟಿಫಿಕೇಟ್ ಕೋರ್ಸ್ ಕಟ್ಟುವುದು ಕೆಲಸ.

ಇಂಗ್ಲಿಷ್ ಅರ್ಜಿ ಮುಗಿಯುತ್ತಾ ಬಂದಿದೆ. ಕನ್ನಡದ ಸಾರಾಂಶ ಬೇಕಿರುವುದು ನಮ್ಮ ಆಡಳಿತ ಮಂಡಳಿಗೆ ಮತ್ತು ಜೊತೆ ನಿಲ್ಲಲು ಮುಂದೆ ಬಂದಿರುವ ಎರಡು ಗ್ರಾಮ ಪಂಚಾಯಿತಿಗಳಿಗೆ. ಸೋಮವಾರ ಎರಡೂ ಕಡೆ ಓದಿ ಹೇಳಿ ಸಹಿ ಹಾಕಿಸಬೇಕು. ಮೂರು ಪದಗಳ ಹತ್ತಿರ ಕೆಲಸ ನಿಂತಿದೆ.

ಒಂದು, ಡೆಲಿವರೆಬಲ್. ಅಂದರೆ ಯೋಜನೆಯಲ್ಲಿ ನಾವು ತಯಾರಿಸಿ ಹಣ ಕೊಟ್ಟವರಿಗೆ ಕೊಡಬೇಕಾದದ್ದು. ಈಗ ‘ಫಲಿತಾಂಶ’ ಅಂತ ಇದೆ. ಓದಿದವರೆಲ್ಲ ಪರೀಕ್ಷೆಯ ಫಲಿತಾಂಶ ಅಂದುಕೊಳ್ಳುತ್ತಾರೆ. ಇದು ಹಾಗಲ್ಲ. ಪಠ್ಯಕ್ರಮದ ಕರಡು, ತರಬೇತಿಯ ಹಾಜರಿ ಮತ್ತು ವರದಿ, ಕೊಳವೆಬಾವಿಗಳ ಪಟ್ಟಿ, ಇಂಥವು. ‘ಡಿ 2.1, ಪಠ್ಯಕ್ರಮದ ಕರಡು, 10ನೇ ತಿಂಗಳು’ ಅಂತ ನಮೂನೆಯಲ್ಲಿ ಒಂದೊಂದಾಗಿ ತುಂಬಬೇಕು. ಇಡೀ ಯೋಜನೆಗೆ 10ರಿಂದ 15 ಇದ್ದರೆ ಸಾಕು ಅಂತ ಒಕ್ಕೂಟದವರೇ ಹೇಳುತ್ತಾರೆ. ಹಣ ಇಡಿಗಂಟಾಗಿ ಗೊತ್ತಾಗುತ್ತದೆ. ಕೆಲಸವನ್ನು ಭಾಗಗಳಾಗಿ ಒಡೆದು ಒಂದೊಂದಕ್ಕೆ ಇಷ್ಟು ಅಂತ ಗೊತ್ತು ಮಾಡಿರುತ್ತಾರೆ. ಮುಗಿಯದ ಭಾಗದ ಹಣ ಕಡಿತವಾಗುತ್ತದೆ. ಆ ಭಾರ ಪದದಲ್ಲಿ ಕಾಣಬೇಕು.

ಎರಡು, ಸಸ್ಟೇನಬಿಲಿಟಿ. ‘ಸುಸ್ಥಿರತೆ’ ಅಂದರೆ ಮಂಡಳಿಯವರು ಗಿಡ ನೆಡುವುದು ಅಂದುಕೊಳ್ಳುತ್ತಾರೆ. ಇಲ್ಲಿ ಕೇಳುತ್ತಿರುವುದು ಹಣ ನಿಂತ ಮೇಲೂ ಕೋರ್ಸ್ ನಡೆಯುತ್ತದೆಯೇ ಎಂದು.

ಮೂರು, ಅಸೋಸಿಯೇಟೆಡ್ ಪಾರ್ಟ್ನರ್. ನಮ್ಮ ಪಂಚಾಯಿತಿಗಳು ಅದೇ. ಕೆಲಸದಲ್ಲಿ ಇರುತ್ತಾರೆ, ಯೋಜನೆಯ ಹಣ ಮಾತ್ರ ಅವರಿಗೆ ಬರುವುದಿಲ್ಲ. ‘ಪಾಲುದಾರ’ ಅಂತ ಬರೆದರೆ ಪಾಲೆಷ್ಟು ಅಂತ ಕೇಳುತ್ತಾರೆ, ನ್ಯಾಯವೇ ಅಲ್ವಾ?

— ಸು., ಚಿಕ್ಕನಾಯಕನಹಳ್ಳಿ

---

‘ಫಲಿತಾಂಶ’ ತಪ್ಪು. ಇವತ್ತೇ ತೆಗೆಯಿರಿ.

ಕೊಡಬೇಕಾದದ್ದು ದೇಯ. ಕುಡಿಯಬೇಕಾದದ್ದು ಪೇಯ, ಹಾಡಬೇಕಾದದ್ದು ಗೇಯ. ಅದೇ ದಾರಿಯಲ್ಲಿ ‘ಪ್ರದೇಯ’. ಒಂದೇ ಪದ, ಮೂರೇ ಅಕ್ಷರ, ಪಟ್ಟಿಯ ತಲೆಬರಹಕ್ಕೆ ಸರಿಯಾಗಿ ಕೂರುತ್ತದೆ. ‘ಪ್ರದೇಯ 2.1’ ಅಂತ ಬರೆಯಿರಿ. ‘ಸುಸ್ಥಿರತೆ’ ಹಾಗೇ ಇರಲಿ. ಪದಕ್ಕೆ ಎರಡು ಅರ್ಥ ಇರುವುದು ಹೊಸದಲ್ಲ. ಮೂರನೆಯದಕ್ಕೆ ‘ಸಹವರ್ತಿ’.

— ವೆಂ., ಮೈಸೂರು

---

ಮೇಷ್ಟ್ರೇ, ‘ಪ್ರದೇಯ’ವನ್ನು ಪಂಚಾಯಿತಿ ಸಭೆಯಲ್ಲಿ ಓದಿದರೆ ಎಷ್ಟು ಜನಕ್ಕೆ ತಿಳಿಯುತ್ತದೆ? ತಿಳಿಯದ ಕಾಗದಕ್ಕೆ ಸಹಿ ಹಾಕಿಸುವುದು ಸರಿಯಲ್ಲ.

ಕನ್ನಡದಲ್ಲಿ ‘ಒಪ್ಪಿಸು’ ಇದೆ. ಮಕ್ಕಳು ಪಾಠ ಒಪ್ಪಿಸುತ್ತಾರೆ. ಶಾನುಭೋಗರು ಲೆಕ್ಕ ಒಪ್ಪಿಸುತ್ತಿದ್ದರು. ಒಪ್ಪಿಸುವುದೆಂದರೆ ಬರೀ ಕೊಡುವುದಲ್ಲ. ಎದುರಿನವನು ನೋಡಿ ‘ಸರಿ’ ಅನ್ನುವ ತನಕ ಅದು ಮುಗಿಯುವುದಿಲ್ಲ. ಸು. ಮೇಡಂ ಕೇಳುತ್ತಿರುವ ಭಾರ ಇದೇ. ‘ಒಪ್ಪಿಸಿಕೆ’ ಅನ್ನಿ. ಎರಡನೆಯದಕ್ಕೆ ‘ಬಾಳಿಕೆ’, ಮೂರನೆಯದಕ್ಕೆ ‘ಜೊತೆಗಾರ’. ಮೂರೂ ಅಚ್ಚಗನ್ನಡ.

— ಮಾ., ಶಿವಮೊಗ್ಗ

---

‘ಒಪ್ಪಿಸಿಕೆ’ ಯಾರ ಬಾಯಲ್ಲೂ ಇಲ್ಲ. ಸಲ್ಲಿಸು, ಸಲ್ಲಿಕೆ. ಹೊಂದಿಸು, ಹೊಂದಿಕೆ. ಇಲ್ಲಿ ‘ಇಸು’ ಉದುರುತ್ತದೆ. ಆ ಲೆಕ್ಕದಲ್ಲಿ ‘ಒಪ್ಪಿಕೆ’ ಆಗಬೇಕು. ಆದರೆ ಅದು ‘ಒಪ್ಪಿಗೆ’ಯ ಪಕ್ಕದಲ್ಲೇ ಕೂರುತ್ತದೆ. ಮಂಡಳಿಯ ಒಪ್ಪಿಗೆ ಕೇಳುವ ಕಾಗದದಲ್ಲೇ ‘ಒಪ್ಪಿಕೆ 2.1’ ಅಂತ ಬಂದರೆ ಗೊಂದಲ ಖಂಡಿತ.

‘ಬಾಳಿಕೆ’ ಬರುವುದು ಚಪ್ಪಲಿ, ಕುಕ್ಕರು, ಪಂಪ್‌ಸೆಟ್ಟು. ಕೋರ್ಸಿಗೆ ಹೊಂದುವುದಿಲ್ಲ.

— ವೆಂ.

---

ಸು. ಮೇಡಂ, ಈ ಮೂರು ಪದ ಆಮೇಲೆ ನೋಡೋಣ. ಅದಕ್ಕಿಂತ ದೊಡ್ಡ ತೊಡಕು ‘ಅನುದಾನ’ದಲ್ಲಿದೆ. ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲೇ ನನ್ನ ಸರ್ವಿಸ್ ಕಳೆದಿದೆ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಆಡಳಿತ ಮಂಡಳಿಗಳ ಕಿವಿಗೆ ಅನುದಾನ ಅಂದ್ರೆ ಸಂಬಳದ ಅನುದಾನ. ‘ಅನುದಾನಿತ ಕಾಲೇಜು’ ಅಂದ್ರೆ ಸಂಬಳ ಸರ್ಕಾರದ್ದು. ಅದೇ ಪದ ಇಲ್ಲಿ ಹಾಕಿದರೆ ಪೂರ್ತಿ ಹಣ ಅಲ್ಲಿಂದಲೇ ಬರುತ್ತದೆ ಅಂತ ತಿಳಿಯುತ್ತಾರೆ. ಹಾಗಿಲ್ಲ. ಯುರೋಪಿಯನ್ ಒಕ್ಕೂಟ ಕೊಡುವುದು ಹೆಚ್ಚೆಂದರೆ ನೂರಕ್ಕೆ 90. ನೀವು ಸಣ್ಣ ಯೋಜನೆಯ ವರ್ಗದಲ್ಲಿ ಹಾಕುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅಲ್ಲಿ 2 ಲಕ್ಷದಿಂದ 4 ಲಕ್ಷ ಯೂರೋ. 4 ಲಕ್ಷ ಕೇಳಿದರೆ ಒಟ್ಟು ಖರ್ಚು ಸುಮಾರು 4,44,000 ಯೂರೋ ತೋರಿಸಬೇಕು. ಮೇಲಿನ 44,000 ಪಾಲುದಾರರೆಲ್ಲ ಸೇರಿ ಹೊಂದಿಸುವುದು. ಈ ಮಾತು ಕನ್ನಡದಲ್ಲಿ ಬಿಡಿಸಿ ಬರೆಯದಿದ್ದರೆ ಎರಡನೇ ವರ್ಷ ಜಗಳ ಬರುತ್ತದೆ. ಬಂದದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಆ ಹತ್ತು ಭಾಗಕ್ಕೆ ‘ವಂತಿಗೆ’ ಒಳ್ಳೆಯ ಪದ. ಜಾತ್ರೆಗೆ ಮನೆಮನೆಯಿಂದ ಎತ್ತುವುದು ವಂತಿಗೆ, ನಮ್ಮ ಕಡೆ ಪಟ್ಟಿ ಅನ್ನುತ್ತಾರೆ. ಆದರೆ ಅದನ್ನು ಇಲ್ಲಿ ಹಾಕುವಂತಿಲ್ಲ ರೀ. 2010ರ ಕಾಯ್ದೆಯನ್ನು ‘ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ’ ಅಂತ ಬರೆಯುತ್ತಾರೆ. ಅಲ್ಲಿ ವಂತಿಗೆ ಅಂದ್ರೆ ಹೊರಗಿನಿಂದ ಬರುವ ಹಣ. ನಿಮ್ಮದು ಟ್ರಸ್ಟ್ ನಡೆಸುವ ಕಾಲೇಜಾದರೆ ಆ ಕಾಯ್ದೆಯ ನೋಂದಣಿ ಈಗಲೇ ನೋಡಿಕೊಳ್ಳಿ. 2020ರ ತಿದ್ದುಪಡಿ ಆದ ಮೇಲೆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ‘ನಮ್ಮ ಕಾಲೇಜು ಪಡೆದು ಉಳಿದ ಎರಡಕ್ಕೆ ಹಂಚುತ್ತದೆ’ ಅಂತ ಅರ್ಜಿಯಲ್ಲಿ ಎಲ್ಲಾದರೂ ಬರೆದಿದ್ದರೆ ಹೊಡೆದುಹಾಕಿ.

ಹತ್ತು ಭಾಗಕ್ಕೆ ಸುಮ್ನೆ ‘ನಮ್ಮ ಪಾಲಿನ ಹಣ’ ಅನ್ನಿ.

— ಬ., ಧಾರವಾಡ

---

ಗ್ರ್ಯಾಂಟಿಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷದಿಂದ ಪದ ಇದೆ. ‘ದತ್ತಿ’. ಬೇರೆ ಯಾಕೆ ಹುಡುಕುತ್ತೀರಿ?

ಇಂಡಿ ತಾಲ್ಲೂಕಿನ ಸಾಲೋಟಗಿಗೆ ಬನ್ನಿ. ಅಲ್ಲಿನ ಕಂಬಶಾಸನ 945ರದು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು ಅಂತ ಶಾಸನವೇ ಹೇಳುತ್ತದೆ. ಅವರ ಖರ್ಚಿಗೆ ಭೂಮಿ ಬಿಟ್ಟರು. ಊರಿನ ಹೆಸರು ಆಗ ಪಾವಿಟ್ಟಗೆ. ಶಾಲೆ ಬಂದ ಮೇಲೆ ಶಾಲಾಪಾವಿಟ್ಟಗೆ, ಅದೇ ಸವೆದು ಸಾಲೋಟಗಿ. ಉನ್ನತ ಶಿಕ್ಷಣಕ್ಕೆ ಕೊಟ್ಟ ದತ್ತಿ ಒಂದು ಊರಿನ ಹೆಸರನ್ನೇ ಬದಲಿಸಿದೆ. ಇದಕ್ಕಿಂತ ಸಾಕ್ಷಿ ಬೇಕೆ?

— ಗು., ವಿಜಯಪುರ

---

ದತ್ತಿ ಕೊಟ್ಟವರು ಮೂರು ವರ್ಷ ಆದ ಮೇಲೆ ಲೆಕ್ಕ ಕೇಳಿ ಹಣ ವಾಪಸ್ ಪಡೆಯುತ್ತಿರಲಿಲ್ಲ. ಇವರು ಪಡೆಯಬಹುದು. ಅಲ್ಲದೆ ಇವತ್ತು ದತ್ತಿ ಅಂದರೆ ಜನ ದೇವಸ್ಥಾನದ ಇಲಾಖೆ ಅಂದುಕೊಳ್ಳುತ್ತಾರೆ. ಬೇಡ.

ಇನ್ನೊಂದು. ದತ್ತಿ, ಅನುದಾನ, ಪ್ರದೇಯ, ಮೂರೂ ಸಂಸ್ಕೃತದ ‘ದಾ’ ಧಾತುವಿನವೇ. ಕನ್ನಡಿಗರಿಗೆ ಕೊಡುವುದು, ಪಡೆಯುವುದು ಗೊತ್ತೇ ಇರಲಿಲ್ಲವೇ? ‘ನೆರವು’ ಇದೆ. ‘ನೆರವಿನ ಹಣ’ ಅನ್ನಿ.

— ಮಾ.

---

ಹಾಗಾದರೆ ‘ಅರ್ಜಿ’ ಯಾವ ಧಾತು? ಅರಬ್ಬಿ. ‘ಕರಾರು’, ‘ರುಜು’ ಕೂಡ ಅರಬ್ಬಿ. ‘ಕಾಗದಕ್ಕೆ ಸಹಿ’ ಅಂತ ಮಾ. ಅವರೇ ಬರೆದಿದ್ದಾರೆ, ಕಾಗದವೂ ಹೊರಗಿನದೇ. ಅವೆಲ್ಲ ಇರಬಹುದು, ಸಂಸ್ಕೃತ ಮಾತ್ರ ಹೋಗಬೇಕು. ಇದು ನುಡಿಯ ಕಾಳಜಿ ಅಲ್ಲ.

— ವೆಂ.

---

ಸಂಸ್ಕೃತ ಹೋಗಬೇಕು ಅಂತ ನಾನು ಎಲ್ಲೂ ಬರೆದಿಲ್ಲ. ಅರ್ಜಿ ಬಂದದ್ದು ಕಚೇರಿಯ ಬಾಗಿಲಲ್ಲಿ ನಿಂತ ರೈತರ ಬಾಯಿಗೆ. ತಲೆಮಾರುಗಳು ಬಳಸಿದವು, ಹಾಗಾಗಿ ಅದು ಕನ್ನಡ. ‘ಪ್ರದೇಯ’ ಹುಟ್ಟಿದ್ದು ಶುಕ್ರವಾರ ಸಂಜೆ, ನಿಮ್ಮ ಮೇಜಿನ ಮೇಲೆ.

— ಮಾ.

---

‘ಒಪ್ಪಿಸಿಕೆ’ ಹುಟ್ಟಿದ್ದು ಶುಕ್ರವಾರ ರಾತ್ರಿ.

— ವೆಂ.

---

ಎಲ್ಲರಿಗೂ ವಂದನೆ. ಇವತ್ತು ಭಾನುವಾರ, ಪಠ್ಯ ಮುಚ್ಚಲೇಬೇಕು. ಇಷ್ಟನ್ನು ಗೊತ್ತು ಮಾಡಿಕೊಂಡಿದ್ದೇನೆ.

ಡೆಲಿವರೆಬಲ್‌ಗೆ ನಾಮಪದವನ್ನೇ ಕೈಬಿಟ್ಟೆ. ಪಟ್ಟಿಯ ತಲೆಬರಹ ‘ನಾವು ಒಪ್ಪಿಸಬೇಕಾದವು’. ಕೆಳಗೆ ಹೀಗೆ: ‘2.1: ಪಠ್ಯಕ್ರಮದ ಕರಡು. ಯೋಜನೆ ಶುರುವಾದ 10ನೇ ತಿಂಗಳೊಳಗೆ. ಒಪ್ಪಿಸುವವರು ನಮ್ಮ ಕಾಲೇಜು.’ ನಮೂನೆಯಲ್ಲಿ ಮೊದಲನೇ ತಿಂಗಳು ಅಂದರೆ ಯೋಜನೆ ಶುರುವಾಗುವ ತಿಂಗಳು, ಜನವರಿ ಅಲ್ಲ. ಅದನ್ನೂ ಬಿಡಿಸಿ ಬರೆದೆ. ಮಾ. ಸರ್ ಹೇಳಿದ ಕ್ರಿಯಾಪದವೇ ಬೇಕಾಗಿದ್ದದ್ದು. ಅದಕ್ಕೆ ಬಾಲ ಅಂಟಿಸುವ ಅಗತ್ಯ ಬೀಳಲಿಲ್ಲ. ನಾಮಪದ ಹಾಕಿದ್ದರೆ ‘ಯಾರು’ ಅನ್ನುವುದು ಮರೆಯಾಗುತ್ತಿತ್ತು. ಈಗ ಪ್ರತಿ ಸಾಲಿನಲ್ಲೂ ಯಾರು ಅಂತ ಬರೆಯಲೇಬೇಕು.

ಸಸ್ಟೇನಬಿಲಿಟಿ ಪ್ರಶ್ನೆಯಾಗಿ ನಿಂತಿತು: ‘ಹಣ ನಿಂತ ಮೇಲೆ ಈ ಕೋರ್ಸನ್ನು ಯಾರು, ಯಾವ ದುಡ್ಡಿನಲ್ಲಿ ನಡೆಸುತ್ತಾರೆ?’ ಇದನ್ನು ಪ್ರಾಂಶುಪಾಲರಿಗೆ ಓದಿ ಹೇಳಿದೆ. ಪಾಠ ಮಾಡುವವರ ಸಂಬಳ ಎಲ್ಲಿಂದ ಅಂತ ತಕ್ಷಣ ಕೇಳಿದರು. ಇಂಗ್ಲಿಷ್ ಪ್ಯಾರಾದಲ್ಲಿ ಆ ಮಾತು ಇರಲೇ ಇಲ್ಲ. ಐದೂ ಸಂಸ್ಥೆಯವರು ಅದನ್ನು ಓದಿ ಚೆನ್ನಾಗಿದೆ ಅಂದಿದ್ದರು. ಮುಂದುವರಿಕೆ, ಪರಿಣಾಮ, ಪ್ರಚಾರ ಸೇರಿ ಆ ಭಾಗಕ್ಕೆ ನೂರರಲ್ಲಿ 20 ಅಂಕ. ನಿನ್ನೆ ಸಂಜೆ ಕೂತು ಅರ್ಜಿಯಲ್ಲೇ ಸೇರಿಸಿದೆವು: ವಿದ್ಯಾರ್ಥಿ ಶುಲ್ಕ ಇಷ್ಟು, ಕಾಯಂ ಅಧ್ಯಾಪಕರ ವಾರದ ಪಾಠದ ಅವಧಿಯಲ್ಲಿ ಇಷ್ಟು, ಪ್ರಯೋಗಾಲಯದ ಖರ್ಚು ಕಾಲೇಜಿನದು. ಪರದೇಶದ ಪರಿಶೀಲಕರಿಗೂ ಬೇಕಿರುವುದು ಇದೇ ಅಲ್ವಾ.

ಪಂಚಾಯಿತಿಗೆ ‘ಜೊತೆಗಾರರು’. ಕೆಳಗೇ ಒಂದು ಸಾಲು: ‘ಯೋಜನೆಯ ಹಣದಲ್ಲಿ ಪಂಚಾಯಿತಿಗೆ ಪಾಲು ಇರುವುದಿಲ್ಲ. ಕೊಳವೆಬಾವಿಗಳ ನೀರಿನ ಮಟ್ಟದ ಮಾಹಿತಿ ಪಂಚಾಯಿತಿಗೆ ಉಚಿತವಾಗಿ ಸಿಗುತ್ತದೆ.’

‘ಅನುದಾನ’ ಉಳಿಸಿಕೊಂಡೆ. ಪತ್ರಿಕೆಯಲ್ಲಿ, ಇಲಾಖೆಯಲ್ಲಿ ಅದೇ ಇದೆ. ಆದರೆ ಮೊದಲ ಸಲ ಬಂದಲ್ಲೇ ‘ನೂರಕ್ಕೆ 90 ಅವರದು, 10 ನಮ್ಮ ಪಾಲಿನ ಹಣ’ ಅಂತ ಸೇರಿಸಿದೆ. ಬ. ಸರ್, ದೆಹಲಿ ಖಾತೆಯ ವಿಷಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ತಿಳಿಸಿದ್ದೇನೆ. ಮೂರೂ ಕಾಲೇಜಿಗೆ ಹಣ ಬೇರೆ ಬೇರೆಯಾಗಿ ಬರುವ ಹಾಗೆ ಬರೆಯುತ್ತಿದ್ದೇವೆ.

‘ಇಂಪ್ಯಾಕ್ಟ್’ ಒಂದು ಉಳಿದಿದೆ. ಸದ್ಯಕ್ಕೆ ‘ಪರಿಣಾಮ’ ಇಟ್ಟಿದ್ದೇನೆ.

— ಸು.

---

‘ಪರಿಣಾಮ’ ಸರಿ. ಮುಟ್ಟಬೇಡಿ. ‘ನಾವು ಒಪ್ಪಿಸಬೇಕಾದವು’ ವ್ಯಾಕರಣಕ್ಕೆ ಸರಿಯಾಗಿದೆ. ಆದರೂ ಮುಂದೆ ಯಾರಾದರೂ ಪಾರಿಭಾಷಿಕ ಪದಕೋಶ ಮಾಡುವಾಗ ವಾಕ್ಯವನ್ನು ನಮೂದಾಗಿ ಹಾಕಲು ಬರುವುದಿಲ್ಲ. ಅಲ್ಲಿಗೆ ‘ಪ್ರದೇಯ’ವೇ ಬೇಕು.

— ವೆಂ.

---

ಪದಕೋಶದ ಮಾತು ಬೇರೆ ಎಳೆಯಲ್ಲಿ ಆಡೋಣ. ಸು. ಮೇಡಂ, ‘ಪರಿಣಾಮ’ದ ಕೆಳಗೆ ಯಾರ ಮೇಲೆ ಅಂತ ಬರೆಯಿರಿ. ವಿದ್ಯಾರ್ಥಿಗಳ ಮೇಲೋ, ಬೋರ್‌ವೆಲ್ ಇರುವ ರೈತರ ಮೇಲೋ?

— ಮಾ.