ಎಡಬಾಗಿಲಿನ ಪವರ್ ವಿಂಡೋ ಏರುತ್ತಿಲ್ಲ: ಮೋಟಾರು ಬದಲಿಸಲೇಬೇಕೇ?

ಪೆರ್ಲದಿಂದ: ನನ್ನ ಹನ್ನೊಂದು ವರ್ಷ ಹಳೆಯ ಕಾರಿನ ಮುಂದಿನ ಎಡಬಾಗಿಲಿನ ಗಾಜು ನಾಲ್ಕು ಬೆರಳಿನಷ್ಟು ಇಳಿದಲ್ಲೇ ನಿಂತಿದೆ. ಆ ಬಾಗಿಲಿನ ಸ್ವಿಚ್ಚಿಗೂ ಚಾಲಕನ ಬದಿಯ ಸ್ವಿಚ್ಚಿಗೂ ಅದು ಜಗ್ಗುವುದಿಲ್ಲ. ಉಳಿದ ಮೂರು ಗಾಜುಗಳು ಸರಿಯಾಗಿವೆ. ವರ್ಕ್‌ಶಾಪಿನಲ್ಲಿ ಮೋಟಾರಿನ ಕಪ್ಲರ್ (ವಯರು ಸೇರಿಸುವ ಪ್ಲಗ್ಗು) ಕಳಚಿ ಮೀಟರು ಹಿಡಿದರು. 12 ವೋಲ್ಟ್ ಕಾಣಿಸಿತು, ಆದ್ದರಿಂದ ಮೋಟಾರೇ ಹೋಗಿದೆ ಎಂದರು. ಆಟಿಯ ಮಳೆಯಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಓಡಾಡುತ್ತಿದ್ದೇನೆ. ಹಣ ಹಾಕುವ ಮೊದಲು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕದಿಂದ: ಮೋಟಾರು ಕೊಳ್ಳುವ ಅವಸರ ಬೇಡ. ಮೀಟರು ತೋರಿಸಿದ 12 ವೋಲ್ಟಿನಿಂದ ಮೋಟಾರಿಗೆ ಬೇಕಾದಷ್ಟು ಕರೆಂಟು ತಲುಪುತ್ತಿದೆ ಎಂದು ಹೇಳಲು ಬರುವುದಿಲ್ಲ. ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆಂಬಷ್ಟು ಕಡಿಮೆಯಾದುದರಿಂದ, ವಯರಿನ ಎಲ್ಲ ಎಳೆಗಳು ಕಡಿದು ಒಂದೇ ಒಂದು ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಗಾಜನ್ನು ಎತ್ತಲು ಮೋಟಾರು ಹಲವು ಆಂಪಿಯರ್ ಎಳೆಯತೊಡಗಿದ ಕೂಡಲೇ ಆ ಎಳೆಯಲ್ಲಿಯೇ ವೋಲ್ಟೇಜು ಬಿದ್ದುಹೋಗುತ್ತದೆ. ಮೀಟರಿನ ಬದಲು 21 ವಾಟ್‌ನ ಇಂಡಿಕೇಟರ್ ಬಲ್ಬೊಂದನ್ನು ಕಪ್ಲರಿನ ಎರಡು ತುದಿಗಳಿಗೆ ಸೇರಿಸಿ ಸ್ವಿಚ್ ಒತ್ತಿರಿ. ಅದು ಸುಮಾರು 2 ಆಂಪಿಯರ್ ಎಳೆಯುವುದರಿಂದ, ಪ್ರಖರವಾಗಿ ಉರಿದರೆ ಮೋಟಾರನ್ನು ಸಂಶಯಿಸಬಹುದು, ಮಂಕಾಗಿ ಉರಿದರೆ ದೋಷ ಮೋಟಾರಿಗಿಂತ ಹಿಂದೆಯೇ ಇದೆ.

ಹಿಂದೆ ಎಂದರೆ ಎಲ್ಲಿ ಎಂಬುದಕ್ಕೆ ಕರೆಂಟಿನ ದಾರಿ ತಿಳಿದಿರಬೇಕು. ಬ್ಯಾಟರಿಯಿಂದ ಫ್ಯೂಸು, ಇಗ್ನಿಷನ್ ಆನ್ ಆದಾಗ ಕೂಡುವ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು), ಅಲ್ಲಿಂದ ಸ್ವಿಚ್ಚುಗಳು, ಕೊನೆಗೆ ಮೋಟಾರು. ಮೋಟಾರಿಗೆ ಇರುವುದು ಎರಡೇ ವಯರು. ಪ್ರತ್ಯೇಕ ಕಂಪ್ಯೂಟರ್ ಘಟಕವಿಲ್ಲದ ಸಾಮಾನ್ಯ ವ್ಯವಸ್ಥೆಯಲ್ಲಿ, ಯಾರೂ ಸ್ವಿಚ್ ಮುಟ್ಟದಿರುವಾಗ ಆ ಎರಡೂ ಬ್ಯಾಟರಿಯ ನೆಗೆಟಿವ್ ಬದಿಯಾದ ಅರ್ತ್‌ಗೇ ಸೇರಿಕೊಂಡಿರುತ್ತವೆ. ಮೇಲಕ್ಕೆ ಒತ್ತಿದರೆ ಒಂದು ವಯರು ಅರ್ತ್ ಬಿಟ್ಟು ಪಾಸಿಟಿವ್‌ಗೆ ಹೋಗುತ್ತದೆ, ಕೆಳಕ್ಕೆ ಒತ್ತಿದರೆ ಮತ್ತೊಂದು. ಮೋಟಾರು ಹಿಂದುಮುಂದಾಗಿ ತಿರುಗುವುದು ಇಷ್ಟರಿಂದಲೇ. ಆದರೆ ಎಡಬಾಗಿಲಿನ ಸ್ವಿಚ್ಚಿಗೆ ಸ್ವಂತ ಅರ್ತ್ ಇರುವುದಿಲ್ಲ, ಚಾಲಕನ ಬದಿಯ ದೊಡ್ಡ ಸ್ವಿಚ್ಚಿನ ಒಳಗಿಂದ ಹಾದು ಬರುವ ಅರ್ತನ್ನೇ ಅದು ಬಳಸುತ್ತದೆ. ಆದ್ದರಿಂದ ಚಾಲಕನ ಸ್ವಿಚ್ಚಿನ ತಾಮ್ರದ ಕಾಂಟ್ಯಾಕ್ಟ್ ಕಪ್ಪಾದರೂ ಎಡಬಾಗಿಲಿನ ಸ್ವಿಚ್ಚು ಸತ್ತಂತೆ ಕಾಣುತ್ತದೆ. ನಾನು ಈ ಲೆಕ್ಕ ಅರಿಯದೆ ಸರಿಯಿದ್ದ ಸ್ವಿಚ್ಚೊಂದನ್ನು ಬದಲಿಸಿ, ಹಳೆಯದನ್ನು ಈಗಲೂ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ.

ಕುಂಬಳೆಯಿಂದ: ಮೇಲಿನವರು ಹೇಳಿದ ದಾರಿಯಲ್ಲಿ ಅತಿ ದುರ್ಬಲವಾದ ಜಾಗ ಬಾಗಿಲಿನ ಬಿಜಾಗರಿಯ ಬಳಿಯದು. ಅಲ್ಲಿ ಬಾಗಿಲು ತೂಗುವ ಕಾರಿನ ಕಂಬಕ್ಕೂ ಬಾಗಿಲಿಗೂ ನಡುವೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆ ಇರುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದರೊಳಗಿನ ವಯರುಗಳು ಬಾಗುತ್ತವೆ. ಸ್ವಿಚ್ ಒತ್ತಿ ಹಿಡಿದುಕೊಂಡೇ ಬಾಗಿಲನ್ನು ನಿಧಾನವಾಗಿ ತೆರೆಯುತ್ತಾ ಹೋಗಿ, ಯಾವುದಾದರೂ ಒಂದು ಕೋನದಲ್ಲಿ ಗಾಜು ಅಲುಗಿದರೆ ಉತ್ತರ ಸಿಕ್ಕಿತು. ನನ್ನ ಕಾರಿನಲ್ಲಿ ವಯರುಗಳ ಹೊರಗಿನ ಪ್ಲಾಸ್ಟಿಕ್ ಎಲ್ಲಿಯೂ ಹರಿದಿರಲಿಲ್ಲ. ಒಂದೊಂದೇ ವಯರನ್ನು ಮೆಲ್ಲನೆ ಎಳೆದಾಗ ದಪ್ಪನೆಯದೊಂದು ರಬ್ಬರ್ ಬಳ್ಳಿಯಂತೆ ಉದ್ದವಾಯಿತು. ಸುಲಿದು ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು. ಕಡಲ ಬದಿಯಲ್ಲಿ ಮನೆಯಿರುವ ನಮಗೆ ಉಪ್ಪುಗಾಳಿಯ ಕಾಟ ಸ್ವಲ್ಪ ಹೆಚ್ಚೇ.

ಜೋಡಿಸುವಾಗ ಮೊದಲು ಬ್ಯಾಟರಿ ಕಳಚಿರಿ. ತಿರುಚಿ ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಕತೆ. ಅಷ್ಟೇ ದಪ್ಪದ, ಬಹು ಎಳೆಗಳ ಮೆದು ವಯರಿನ ತುಂಡನ್ನು ಬೆಸೆದು ಶ್ರಿಂಕ್ ಸ್ಲೀವ್ (ಬಿಸಿ ಮಾಡಿದಾಗ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ, ಮತ್ತು ಬೆಸುಗೆಯ ಗಂಟುಗಳು ಬಾಗುವ ಜಾಗದಲ್ಲಿ ಬಾರದಂತೆ ಕಂಬದ ಒಳಗೊಂದು, ಬಾಗಿಲಿನ ಒಳಗೊಂದು ಇರಲಿ.

ಮಂಜೇಶ್ವರದಿಂದ: ಅಣ್ಣಾ, ಒಂದು ಮಾತು ಸೇರಿಸುತ್ತೇನೆ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ತೆಗೆದು ಮರಳಿ ಅಂಟಿಸಿರಿ. ಅದಿಲ್ಲದಿದ್ದರೆ ಗಾಜಿನ ಮೇಲಿಂದ ಇಳಿದ ನೀರು ಪ್ಯಾಡ್ ನೆನೆಸಿ ಕಾರಿನೊಳಗೆ ಬರುತ್ತದೆ. ಬಾಗಿಲಿನ ಅಡಿಯ ತೂತುಗಳು ಕೆಂಪು ಮಣ್ಣಿನಿಂದ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿರಿ. ಗಾಜು ಜಾರುವ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಸಾಕು. ನನ್ನ ಮಾವ ತೆಂಗಿನೆಣ್ಣೆ ಹಚ್ಚಿ, ಹೆದ್ದಾರಿಯ ಧೂಳನ್ನೆಲ್ಲ ಅಲ್ಲಿಯೇ ಸಾಕಿದ್ದರು. ಗಾಜು ಬಿಗಿಯಾಗಿ ಸಿಕ್ಕಿಕೊಂಡಾಗ ಸ್ವಿಚ್ ಒತ್ತಿ ಹಿಡಿಯುತ್ತಲೇ ಇರಬೇಡಿ. ಅನೇಕ ಮೋಟಾರುಗಳಲ್ಲಿ ಬಿಸಿಯೇರಿದರೆ ಕರೆಂಟು ತಡೆಯುವ ರಕ್ಷಣೆ ಇರುತ್ತದೆ. ಅದು ತಣಿಯುವವರೆಗೆ ಮೋಟಾರು ಸತ್ತಂತೆಯೇ ಇದ್ದು ನಮ್ಮನ್ನು ದಾರಿ ತಪ್ಪಿಸುತ್ತದೆ.

ಪೆರ್ಲದಿಂದ: ಎಲ್ಲರಿಗೂ ಕೃತಜ್ಞತೆಗಳು. ಬಲ್ಬು ಮಿಣುಕು ಹುಳದಷ್ಟೇ ಉರಿಯಿತು. ಬಾಗಿಲು ಅರ್ಧ ತೆರೆದಾಗ ಮಾತ್ರ ಬೆಳಕು ಏರಿತು. ಕೊಳವೆಯೊಳಗೆ ಒಂದು ವಯರು ಪೂರ್ತಿ, ಇನ್ನೊಂದು ಮುಕ್ಕಾಲು ಕಡಿದಿದ್ದವು. ಎರಡನ್ನೂ ಬೆಸೆಯಿಸಿದೆ, ಹಳೆಯ ಮೋಟಾರೇ ಗಾಜನ್ನು ಎತ್ತಿತು. ಅರ್ಧದ ಮೇಲೆ ಸ್ವಲ್ಪ ನಿಧಾನವಾಗುತ್ತದೆ, ಮಳೆ ಬಿಟ್ಟ ದಿನ ರಬ್ಬರ್ ತೊಳೆದು ನೋಡುತ್ತೇನೆ.

ಬದಿಯಡ್ಕದಿಂದ: ಒಂದು ತಿದ್ದುಪಡಿ. ಒಂದು ವಯರು ಪೂರ್ತಿ ಕಡಿದಿದ್ದರೆ ಬಲ್ಬು ಮಿಣುಕಲೂಬಾರದು. ಕಡಿದ ತುದಿಗಳು ಒಳಗೆ ಎಲ್ಲೋ ತಾಗಿಕೊಂಡಿದ್ದಿರಬೇಕು, ಅಥವಾ ಎಳೆದು ನೋಡುವಾಗ ಕೊನೆಯ ಎಳೆ ಹೋಗಿರಬೇಕು.